ಶಾಲೆಗೆ ರಜೆ ಸಿಕ್ಕಿತು, ಹಟ್ಟಿಗೆ?

ಮಳೆಗಾಲದಲ್ಲಿ ನಮ್ಮ ಉಡುಪಿ, ಮಂಗಳೂರು ಕಡೆ ರಾತ್ರಿ ಊಟದ ಹೊತ್ತಿಗೆ ಎಲ್ಲ ಮನೆಯಲ್ಲೂ ಒಂದೇ ಪ್ರಶ್ನೆ. ನಾಳೆ ರೆಡ್ ಅಲರ್ಟ್ ಉಂಟಾ? ರಜೆ ಕೊಟ್ಟರಾ? ಸ್ವಲ್ಪ ಹೊತ್ತಿಗೆ ಜಿಲ್ಲಾಧಿಕಾರಿಗಳ ಆದೇಶ ವಾಟ್ಸಾಪ್‌ನಲ್ಲಿ ಬರುತ್ತದೆ. ಅಂಗನವಾಡಿಗೆ ರಜೆ, ಶಾಲೆಗೆ ರಜೆ. ಮೀನುಗಾರರು ಕಡಲಿಗೆ ಇಳಿಯಬಾರದು. ನದಿ ಬದಿಗೆ ಯಾರೂ ಹೋಗಬಾರದು. ಮಕ್ಕಳಿಗೆ ಖುಷಿ, ಅಮ್ಮಂದಿರಿಗೆ ನೆಮ್ಮದಿ.

ಅದೇ ರಾತ್ರಿ ಹಟ್ಟಿಯಲ್ಲಿ, ಅಂದರೆ ಕೊಟ್ಟಿಗೆಯಲ್ಲಿ, ದನ ಎಂದಿನ ಹಾಗೆ ಗೂಟದ ಪಕ್ಕ ಮಲಗಿರುತ್ತದೆ. ಹಿಂದಿನ ಧರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ನೀರು ಕುಡಿದು ಭಾರವಾಗಿರುತ್ತದೆ. ಬದಿಯ ತೋಡು ಅಂಚಿನವರೆಗೆ ತುಂಬಿರುತ್ತದೆ. ಮಾಡಿನ ಮೇಲೆ ತೆಂಗಿನ ಮರವೊಂದು ಬಾಗಿಕೊಂಡಿರುತ್ತದೆ. ಮರುದಿನ ಪತ್ರಿಕೆಯ ಒಳಪುಟದಲ್ಲಿ ಎರಡು ಸಾಲು ಬರುತ್ತದೆ: ಧರೆ ಕುಸಿದು ಹಟ್ಟಿ ನೆಲಸಮ, ಎರಡು ದನ ಸಾವು, ಅಪಾರ ನಷ್ಟ.

ಆ ಎರಡು ಸಾಲನ್ನು ನಾನು ತುಂಬ ವರ್ಷದಿಂದ ಓದುತ್ತಿದ್ದೇನೆ. ನಮ್ಮ ಮನೆಯಲ್ಲೂ ಎರಡು ದನ ಇರುವುದರಿಂದ ಕಣ್ಣು ಅಲ್ಲಿಗೇ ಹೋಗುತ್ತದೆ. ಓದುತ್ತ ಓದುತ್ತ ಒಂದು ವಿಷಯ ಮನಸ್ಸಿಗೆ ಬಂತು. ನಮ್ಮಲ್ಲಿ ಮಳೆ ತಾನಾಗಿಯೇ ದನವನ್ನು ಕೊಲ್ಲುವುದು ತೀರ ಕಡಿಮೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಊರಿನ ದನಗಳು ಇವು. ನೆನೆಯುವುದು ಅವಕ್ಕೆ ಹೊಸತಲ್ಲ. ಅವು ಸಾಯುವುದು ಹಟ್ಟಿ ಎಲ್ಲಿದೆ, ಮಾಡು ಎಂಥದ್ದು, ಕುತ್ತಿಗೆಗೆ ಏನು ಕಟ್ಟಿದ್ದೇವೆ ಎನ್ನುವುದರ ಮೇಲೆ. ಈ ಮೂರೂ ಮಳೆಗಾಲಕ್ಕೆ ಎಷ್ಟೋ ಮೊದಲೇ ತೀರ್ಮಾನ ಆಗಿರುತ್ತವೆ. ಸರ್ಕಾರದ ಕೆಲಸ ಶುರುವಾಗುವುದು ಮಾತ್ರ ದನ ಸತ್ತ ಮೇಲೆ. ನನ್ನ ಸಂಕಟ ಇರುವುದು ಅಲ್ಲೇ.

ಬಾಯಲ್ಲಿ ಹುಲ್ಲು

ಸಿಡಿಲಿನಿಂದ ಶುರು ಮಾಡುತ್ತೇನೆ. ನಾನು ಹತ್ತಿರದಿಂದ ನೋಡಿದ್ದು ಅದನ್ನೇ.

ಕಾರ್ಕಳದ ಹತ್ತಿರದ ನಮ್ಮ ಸಂಬಂಧಿಕರ ಮನೆ. ದೀಪಾವಳಿಗೆ ಇನ್ನೂ ಒಂದು ವಾರ ಇತ್ತು. ಸಂಜೆ ನಾಲ್ಕೂವರೆಗೆ ಪೂರ್ವದಲ್ಲಿ ಘಟ್ಟದ ಕಡೆ ಮೋಡ ಕಪ್ಪಾಯಿತು. ದನವನ್ನು ಮನೆ ಕೆಳಗಿನ ಬಯಲಿನಲ್ಲಿ ಹಲಸಿನ ಮರದ ಬುಡಕ್ಕೆ ಕಟ್ಟಿದ್ದರು. ಮಳೆ ಇನ್ನೂ ಹನಿ ಹಾಕುತ್ತಿತ್ತು ಅಷ್ಟೆ. ಒಂದೇ ಒಂದು ಸಿಡಿಲು. ನಾವು ಓಡಿ ಹೋದಾಗ ದನ ಬಲ ಮಗ್ಗುಲಿಗೆ ಬಿದ್ದಿತ್ತು. ಮೈ ಮೇಲೆ ಗಾಯ ಇಲ್ಲ. ಬಾಯಲ್ಲಿ ಅರ್ಧ ಜಗಿದ ಹುಲ್ಲು ಹಾಗೇ ಇತ್ತು. ಮುಂಗಾಲಿನ ಒಳಬದಿಯಲ್ಲಿ ಕೂದಲು ಒಂದು ಗೆರೆಯ ಹಾಗೆ ಸುಟ್ಟಿತ್ತು. ಮಾರು ದೂರದಲ್ಲಿ ಅದರ ಕರು ನಿಂತಿತ್ತು, ಏನೂ ಆಗದೆ.

ಜಗಿಯುತ್ತಿದ್ದ ಹುಲ್ಲು ಬಾಯಲ್ಲೇ ಉಳಿಯುವುದು ಸಿಡಿಲಿನ ಸಾವಿನ ದೊಡ್ಡ ಗುರುತು ಎಂದು ಮರುದಿನ ಬಂದ ಪಶುವೈದ್ಯರು ಹೇಳಿದರು. ನೋವು ಪಡಲೂ ಸಮಯ ಸಿಕ್ಕಿರುವುದಿಲ್ಲ. ಮನೆಯ ಅಜ್ಜಿ ಆ ಮಾತನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಅಷ್ಟು ಹತ್ತಿರ ಇದ್ದ ಕರು ಉಳಿದದ್ದು ಹೇಗೆ? ಸಿಡಿಲು ಮರಕ್ಕೆ ಬಡಿದಾಗ ವಿದ್ಯುತ್ತು ಬುಡದಿಂದ ನೆಲದಲ್ಲಿ ಸುತ್ತಲೂ ಹರಡುತ್ತದೆ. ಬುಡದ ಹತ್ತಿರ ಒತ್ತಡ ಜಾಸ್ತಿ, ದೂರ ಹೋದ ಹಾಗೆ ಕಡಿಮೆ. ಪ್ರಾಣಿಯ ಒಂದು ಕಾಲು ಜಾಸ್ತಿ ಒತ್ತಡದ ಜಾಗದಲ್ಲೂ ಇನ್ನೊಂದು ಕಾಲು ಕಡಿಮೆ ಒತ್ತಡದ ಜಾಗದಲ್ಲೂ ಇದ್ದರೆ ಆ ವ್ಯತ್ಯಾಸ ಮೈಯೊಳಗಿಂದ ಹಾದು ಹೋಗುತ್ತದೆ. ನಮ್ಮ ಎರಡು ಪಾದಗಳ ನಡುವೆ ಹೆಚ್ಚೆಂದರೆ ಒಂದೆರಡು ಅಡಿ. ವಿದ್ಯುತ್ತು ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ದನದ ಮುಂಗಾಲಿಗೂ ಹಿಂಗಾಲಿಗೂ ನಾಲ್ಕೈದು ಅಡಿ ಅಂತರ, ನಡುವೆ ಹೃದಯ. ಮರದ ಕಡೆಗೆ ಮುಖ ಮಾಡಿ ನಿಂತ ದನಕ್ಕೆ ಹೊಡೆತ ನೇರ ಎದೆಯ ಮೂಲಕವೇ. ಕರುವಿನ ಕಾಲುಗಳ ಅಂತರ ಕಡಿಮೆ. ಅದು ಮರಕ್ಕೆ ಅಡ್ಡಲಾಗಿ ನಿಂತಿದ್ದಿರಲೂಬಹುದು. ಒಂದೇ ಮರದ ಕೆಳಗಿನ ನಾಲ್ಕು ದನಗಳಲ್ಲಿ ಮೂರು ಸತ್ತು ಒಂದು ಉಳಿಯುವುದರ ಹಿಂದೆಯೂ ಇಂಥ ಲೆಕ್ಕವೇ ಇರುತ್ತದೆ.

ಹಾಗಾದರೆ ಹಟ್ಟಿಯೊಳಗೆ ಕಟ್ಟಿದರೆ ಸುರಕ್ಷಿತವಾ? ಮರದ ಕೆಳಗಿಗಿಂತ ಖಂಡಿತ ಒಳ್ಳೆಯದು. ಆದರೆ ಹೊಸ ಹಟ್ಟಿಗಳಲ್ಲಿ ಒಂದು ಅಪಾಯ ಸೇರಿಕೊಂಡಿದೆ. ಮೊದಲು ಮರದ ಕಂಬ, ತೆಂಗಿನ ನಾರಿನ ಬಳ್ಳಿ, ಕೆಳಗೆ ಸೊಪ್ಪು ಇತ್ತು. ಈಗ ಕಬ್ಬಿಣದ ಪೈಪು, ಕಬ್ಬಿಣದ ಚೈನು, ಯಾವಾಗಲೂ ಒದ್ದೆ ಇರುವ ಸಿಮೆಂಟು ನೆಲ. ಉದ್ದಕ್ಕೆ ಹಾಕಿದ ಒಂದೇ ಪೈಪಿಗೆ ಐದಾರು ದನಗಳ ಚೈನು. ಪಕ್ಕದ ತೆಂಗಿನ ಮರದಿಂದಲೋ ಕರೆಂಟಿನ ವಯರಿನಿಂದಲೋ ಸಿಡಿಲು ಆ ಪೈಪಿಗೆ ಹಾರಿದರೆ ಸಾಲಿಗೆ ಸಾಲೇ ಹೋಗುತ್ತದೆ. ಪೈಪು, ಕಂಬ, ಶೀಟು ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ ಸರಿಯಾಗಿ ಅರ್ತಿಂಗ್ ಮಾಡಿಸಿದರೆ ಈ ಅಪಾಯ ತುಂಬ ಕಡಿಮೆಯಾಗುತ್ತದೆ. ಹಾಲು ಕರೆಯುವ ಮೆಷಿನಿಗೆ ಅರ್ತಿಂಗ್ ಬೇಕೆಂದು ಎಲ್ಲರಿಗೂ ಗೊತ್ತು. ಪೈಪಿಗೂ ಬೇಕೆಂದು ವೆಲ್ಡಿಂಗ್ ಮಾಡುವವರು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಕರಾವಳಿಯಲ್ಲಿ ಸಿಡಿಲು ಜಾಸ್ತಿ ಬರುವುದು ಜೂನ್, ಜುಲೈನ ಜಡಿಮಳೆಯಲ್ಲಿ ಅಲ್ಲ. ಏಪ್ರಿಲ್-ಮೇ ತಿಂಗಳ ಸಂಜೆ, ಆಮೇಲೆ ಅಕ್ಟೋಬರ್-ನವೆಂಬರ್ ಸಂಜೆ. ತುಳು ತಿಂಗಳ ಲೆಕ್ಕದಲ್ಲಿ ಪಗ್ಗು ಮತ್ತು ಬೊಂತೆಲ್. ಗದ್ದೆ ಖಾಲಿ ಇರುವ, ದನ ಮೇಯಲು ಬಿಡುವ ಕಾಲವೂ ಅದೇ ಅಲ್ವಾ? ಪುಣೆಯ ಹವಾಮಾನ ಸಂಸ್ಥೆ ಮಾಡಿದ ದಾಮಿನಿ ಆ್ಯಪ್ ನಾವಿರುವ ಜಾಗದ 20ರಿಂದ 40 ಕಿ.ಮೀ. ಸುತ್ತ ಮಿಂಚು ಬಂದರೆ ಎಚ್ಚರಿಸುತ್ತದೆ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ್ದು ಸಿಡಿಲು ಎಂಬ ಹೆಸರಿನದೇ ಇನ್ನೊಂದು ಆ್ಯಪ್ ಇದೆ. ನೆಟ್‌ವರ್ಕ್ ಇಲ್ಲದ ಕಡೆ ಎಣಿಸಿದರೂ ಆಯಿತು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಪ್ರತಿ ಮೂರು ಸೆಕೆಂಡಿಗೆ ಸುಮಾರು ಒಂದು ಕಿ.ಮೀ. ದೂರ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿ.ಮೀ. ಒಳಗೇ ಇದೆ. ಹಟ್ಟಿ ಹತ್ತಿರ ಇದ್ದರೆ ದನವನ್ನು ಬಿಚ್ಚಿ ಒಳಗೆ ಕಟ್ಟಲು ಇದು ಕೊನೆಯ ಸಮಯ. ದೂರ ಇದ್ದರೆ ದನ ಬಿಟ್ಟು ನೀವು ಮನೆ ಸೇರಿ. ದನ ತರಲು ಹೋಗಿ ಮನುಷ್ಯರೇ ಹೋದದ್ದೂ ನಮ್ಮಲ್ಲಿ ಉಂಟು.

ಬಳ್ಳಿ ಮತ್ತು ಚೈನು

ನೆರೆ ನಮಗೆ ಹೊಸತಲ್ಲ. ಬಂಟ್ವಾಳ, ಪಾಣೆಮಂಗಳೂರು, ಉಪ್ಪಿನಂಗಡಿ ಕಡೆಯ ಹಿರಿಯರು ಈಗಲೂ 1923ರ ಮಾರಿಬೊಳ್ಳದ, ಅಂದರೆ ಮಹಾನೆರೆಯ, ಮಾತಾಡುತ್ತಾರೆ. ಅವರಿಗೆ ಅದು ಅಜ್ಜ ಅಜ್ಜಿಯಿಂದ ಕೇಳಿದ ಕತೆ. 1974ರ ನೆರೆಯನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್. 2019ರ ಆಗಸ್ಟ್‌ನಲ್ಲಿ ನದಿ ಅದನ್ನು ದಾಟಿ ಪೇಟೆಯೊಳಗೆ ಬಂತು. ಅದೇ ಹೊತ್ತಿಗೆ ಮೇಲೆ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ ಕಡೆ ಗುಡ್ಡವೇ ನೀರಾಗಿ ಇಳಿದು ತೋಟ, ಗದ್ದೆಗಳ ಮೇಲೆ ಮರಳು, ಮರದ ದಿಮ್ಮಿ ತುಂಬಿಸಿತು. ಮರು ವರ್ಷ, 2020ರ ಸೆಪ್ಟೆಂಬರ್ 20, ಭಾನುವಾರ. ಉಡುಪಿಯವರು ಆ ಬೆಳಗನ್ನು ಮರೆಯುವುದಿಲ್ಲ. ಶನಿವಾರ ರಾತ್ರಿ ಶುರುವಾದ ಮಳೆಗೆ ಬೆಳಗಾಗುವಾಗ ಸ್ವರ್ಣಾ ನದಿ ಬಯಲಿಗೆಲ್ಲ ಹರಡಿತ್ತು. ಜನರನ್ನು ದೋಣಿಯಲ್ಲಿ ತಂದರು.

ಅವತ್ತಿನ ಒಂದು ಸಂಗತಿಯನ್ನು ನದಿ ಬದಿಯ ಪರಿಚಯದ ಅಕ್ಕ ಒಬ್ಬರು ನನಗೆ ಹೇಳಿದ್ದರು. ಬೆಳಗಿನ ಜಾವ ಹಟ್ಟಿಯಿಂದ ದನ ಕೂಗುವುದು ಕೇಳಿ ಎದ್ದರಂತೆ. ಅಂಗಳದಲ್ಲಿ ಮೊಣಕಾಲು ಮಟ್ಟ ನೀರು. ಹಟ್ಟಿ ಅಂಗಳಕ್ಕಿಂತ ತಗ್ಗಿನಲ್ಲಿದೆ, ಅಲ್ಲಿ ಸೊಂಟದ ಮಟ್ಟ. ಕರೆಂಟು ಇಲ್ಲ. ಮೂರು ದನ, ಒಂದು ಕಡಸು. ದನಗಳಿಗೆ ನೈಲಾನ್ ಬಳ್ಳಿ, ಕಡಸಿಗೆ ಹೊಸ ಚೈನು. ಅದು ಬಳ್ಳಿ ಕಡಿದುಕೊಂಡು ಪಕ್ಕದ ತೋಟಕ್ಕೆ ಹೋಗುತ್ತಿತ್ತೆಂದು ವಾರದ ಹಿಂದೆಯಷ್ಟೇ ತಂದು ಹಾಕಿದ್ದರು. ಅಡುಗೆಮನೆಯ ಕತ್ತಿ ತಂದು ಬಳ್ಳಿ ಕೊಯ್ದರು. ಮೂರೂ ದನ ಈಜಿಕೊಂಡು ಹೋಗಿ ರಸ್ತೆ ಬದಿಯ ಎತ್ತರದ ಗದ್ದೆ ಅಂಚಿನಲ್ಲಿ ನಿಂತವು. ಚೈನಿನ ಕೊಂಡಿ ಗೂಟದ ಬುಡದಲ್ಲಿ, ನೀರಿನ ಅಡಿ. ಕಡಸು ಮೇಲಕ್ಕೆ ಎಳೆದಷ್ಟೂ ಕೊಂಡಿ ಬಿಗಿಯುತ್ತಿತ್ತು. ಅವರು ಮುಳುಗಿ ಎರಡು ಸಲ ಪ್ರಯತ್ನ ಮಾಡಿದರು. ಆಮೇಲೆ ಗಂಡ ಬಂದು ಅವರನ್ನೇ ಎಳೆದುಕೊಂಡು ಹೋಗಬೇಕಾಯಿತು.

ದನ ಚೆನ್ನಾಗಿ ಈಜುತ್ತದೆ. ಎಮ್ಮೆ, ಕೋಣದ ಮಾತು ಕೇಳುವುದೇ ಬೇಡ. ನೆರೆಯಲ್ಲಿ ಸಾಯುವ ದೊಡ್ಡ ಜಾನುವಾರುಗಳಲ್ಲಿ ಬಹಳಷ್ಟು ಕಟ್ಟಿದಲ್ಲೇ ಸಾಯುತ್ತವೆ. ಎಳೆದರೆ ಬಿಚ್ಚಿಕೊಳ್ಳುವ ಜಾರುಗಂಟು ನಮ್ಮ ಅಜ್ಜಂದಿರಿಗೆ ಕಣ್ಣು ಮುಚ್ಚಿ ಹಾಕಲು ಬರುತ್ತಿತ್ತು. ಚೈನು ಬೇಕೇ ಬೇಕೆಂದರೆ ಕೊಂಡಿ ಗೂಟದ ಬುಡದಲ್ಲಿ ಇರಬಾರದು, ಎದೆ ಎತ್ತರದಲ್ಲಿ ಕೈಗೆ ಸಿಗುವ ಹಾಗೆ ಇರಬೇಕು. ಅಷ್ಟು ಚಿಕ್ಕ ವಿಷಯ. ಯಾವ ಕರಪತ್ರದಲ್ಲೂ ಇದು ನನಗೆ ಕಂಡಿಲ್ಲ.

ಹಟ್ಟಿ ಹಿಂದಿನ ಧರೆ

ಈಗ ಎಲ್ಲಕ್ಕಿಂತ ಕಷ್ಟದ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಸಮತಟ್ಟು ಜಾಗ ಕಡಿಮೆ. ಗುಡ್ಡ ಕಡಿದು ಮನೆ ಕಟ್ಟುತ್ತೇವೆ. ಮನೆ ಮುಂದೆ, ಹಟ್ಟಿ ಹಿಂದೆ. ಹಿಂದೆ ಎಂದರೆ ಕಡಿದ ಧರೆಯ ಬುಡ. ಎಲ್ಲಕ್ಕಿಂತ ಅಪಾಯದ ಜಾಗವನ್ನು ಸುಮ್ನೆ ಅಭ್ಯಾಸ ಬಲದಿಂದ ದನಕ್ಕೆ ಕೊಟ್ಟಿದ್ದೇವೆ.

ನಮ್ಮ ಗುಡ್ಡದ ಒಳಗೇನಿದೆ ಎಂದು ಬಾವಿ ತೋಡಿದವರಿಗೆಲ್ಲ ಗೊತ್ತು. ಮೇಲೆ ಕೆಂಪು ಕಲ್ಲು, ಅದರ ಕೆಳಗೆ ಜೇಡಿಯಂಥ ಶೇಡಿ ಮಣ್ಣು. ಕೆಂಪು ಕಲ್ಲಿನಲ್ಲಿ ತೂತು ಜಾಸ್ತಿ, ಮಳೆ ನೀರು ಸಲೀಸಾಗಿ ಇಳಿಯುತ್ತದೆ. ಶೇಡಿ ಮಣ್ಣು ಮುಟ್ಟಿದಾಗ ನೀರಿಗೆ ಮುಂದೆ ದಾರಿ ಇಲ್ಲ. ಅದು ಅಲ್ಲೇ ನಿಂತು ಮಣ್ಣನ್ನು ಸಾಬೂನಿನ ಹಾಗೆ ಜಾರಿಸುತ್ತದೆ. ಕೈಯಲ್ಲಿ ಅಗೆಯುವ ಕಾಲದಲ್ಲಿ ಧರೆಯನ್ನು ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಿದ್ದರು. ಜೆಸಿಬಿ ಬಂದ ಮೇಲೆ ಒಂದೇ ದಿನದಲ್ಲಿ ಹದಿನೈದು ಅಡಿ ನೇರ ಗೋಡೆ. ಬೇಸಿಗೆಯಲ್ಲಿ ನೋಡಲು ಕೋಟೆಯ ಹಾಗೆ ಗಟ್ಟಿ. ನಾಲ್ಕು ದಿನ ಬಿಡದೆ ಮಳೆ ಬಂದರೆ ಒಳಗಿನ ಶೇಡಿ ಜಾರಿ ಮೇಲಿನ ಕಲ್ಲು, ಮರ ಎಲ್ಲ ಒಟ್ಟಿಗೇ ಬರುತ್ತದೆ.

ಧರೆ ಹೇಳದೆ ಕುಸಿಯುವುದು ಅಪರೂಪ. ಮೇಲಿನ ಅಂಚಿನಲ್ಲಿ ಬಿರುಕು ಕಾಣುತ್ತದೆ. ಬುಡದಲ್ಲಿ ಒಸರುವ ನೀರು ಇದ್ದಕ್ಕಿದ್ದಂತೆ ಕೆಂಪಗಾಗುತ್ತದೆ. ಅಡಿಕೆ ಮರ ಸ್ವಲ್ಪ ವಾಲುತ್ತದೆ. ಇಂಥ ಒಂದು ಗುರುತು ಕಂಡರೂ ಅವತ್ತು ರಾತ್ರಿ ದನವನ್ನು ಮನೆ ಎದುರಿನ ಚಾವಡಿಗೋ ಶೆಡ್ಡಿಗೋ ತರಬೇಕು. ಅಂಗಳ ಗಲೀಜಾಗುತ್ತದೆ, ನಿಜ. ಗಲೀಜು ತೊಳೆದರೆ ಹೋಗುತ್ತದೆ.

ಬಿಸಿಲೂ ಕೊಲ್ಲುತ್ತದೆ

ಮಳೆಯ ಊರಿನವರಾದ ನಮಗೆ ಬಿಸಿಲನ್ನು ವಿಪತ್ತು ಎಂದು ಒಪ್ಪಿಕೊಳ್ಳಲು ಇನ್ನೂ ಮನಸ್ಸು ಬರುತ್ತಿಲ್ಲ. ಆದರೆ 2025ರಲ್ಲಿ ಫೆಬ್ರವರಿ ಮುಗಿಯುವ ಮೊದಲೇ ಹವಾಮಾನ ಇಲಾಖೆ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತು. ಬಯಲುಸೀಮೆಯಲ್ಲಿ 40 ಡಿಗ್ರಿ ದಾಟಬೇಕು. ಕರಾವಳಿಗೆ 37 ಡಿಗ್ರಿ ಸಾಕು, ಅದು ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಜಾಸ್ತಿ ಇದ್ದರೆ ಬಿಸಿಗಾಳಿ ಎನ್ನುತ್ತಾರೆ. ಕಾರಣ ಸೆಕೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ.

ನಮ್ಮ ಊರ ದನ, ಅಂದರೆ ಮಲೆನಾಡು ಗಿಡ್ಡ, ಇದನ್ನು ಹೇಗೋ ತಡೆಯುತ್ತದೆ. ಮೈ ಚಿಕ್ಕದು, ಹಾಲೂ ಕಡಿಮೆ. ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್) ಮಿಶ್ರತಳಿಯ ಕತೆ ಬೇರೆ. ಹೆಚ್ಚು ಹಾಲು ಕೊಡುವ ದನದ ಮೈಯೊಳಗೆ ಬಿಸಿಯೂ ಹೆಚ್ಚು ಹುಟ್ಟುತ್ತದೆ. ಮೇಲೆ ತಗಡು ಶೀಟು ಕಾದ ಹೆಂಚಿನ ಹಾಗೆ. ಮೊದಲು ಮೇವು ಬಿಡುತ್ತದೆ, ಆಮೇಲೆ ಬಾಯಿ ತೆರೆದು ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುತ್ತದೆ. ಗಬ್ಬದ ದನವಾದರೆ ಕಂದು ಹಾಕುವುದೂ ಉಂಟು. ಹಳೆಯವರು ಹಟ್ಟಿಗೆ ಮುಳಿಹುಲ್ಲು ಹೊದೆಸುತ್ತಿದ್ದುದು ಬಡತನದಿಂದ ಮಾತ್ರ ಅಲ್ಲ. ಈಗಲೂ ಶೀಟಿನ ಮೇಲೆ ತೆಂಗಿನ ಮಡಲೋ ಅಡಿಕೆ ಸೋಗೆಯೋ ಹೊದೆಸಿ ನೀರು ಚಿಮುಕಿಸಿದರೆ ಒಳಗಿನ ಬಿಸಿ ಗೊತ್ತಾಗುವಷ್ಟು ಇಳಿಯುತ್ತದೆ. ಕಂಬಳದ ಕೋಣ ಸಾಕುವವರು ಫ್ಯಾನು ಹಾಕಿ, ಕೆರೆಯಲ್ಲಿ ಈಜಿಸಿ ನೋಡಿಕೊಳ್ಳುವ ರೀತಿ ನೋಡಿದರೆ ನಮ್ಮವರಿಗೆ ಈ ವಿದ್ಯೆ ಗೊತ್ತಿಲ್ಲ ಎಂದು ಹೇಳುವಂತಿಲ್ಲ.

ಕೋಳಿಗೆ ಬೆವರೇ ಇಲ್ಲ. ಬಾಯಿ ತೆರೆದು ಉಸಿರಾಡುವುದೇ ಮುಖ್ಯ ದಾರಿ. ಮಾರಾಟಕ್ಕೆ ತಯಾರಾದ, ಎರಡು ಕೆ.ಜಿ. ತೂಗುವ ಬ್ರಾಯ್ಲರ್ ಮೊದಲು ಸಾಯುತ್ತದೆ. ಮೇ ತಿಂಗಳ ಗಾಳಿಗೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುತ್ತದೆ, ಫ್ಯಾನು ನಿಲ್ಲುತ್ತದೆ. ಒಂದು ಮಧ್ಯಾಹ್ನದಲ್ಲಿ ಶೆಡ್ಡಿನ ಅರ್ಧ ಖಾಲಿ. ಇದರ ಪರಿಹಾರದ ಲೆಕ್ಕ ಮುಂದೆ ಹೇಳುತ್ತೇನೆ, ಅದು ಇನ್ನೂ ಬೇಸರದ್ದು.

ಮಳೆ ನಿಂತ ಮೇಲೆ ಬರುವ ರೋಗಗಳ ಬಗ್ಗೆ ಎರಡೇ ಮಾತು. ಗಳಲೆ ರೋಗ, ಚಪ್ಪೆ ರೋಗಕ್ಕೆ ಮಳೆಗಾಲಕ್ಕೆ ಮೊದಲೇ ಲಸಿಕೆ ಹಾಕಿಸಿ. ನೆನೆದು ಬೂಸ್ಟು ಹಿಡಿದ ಬೈಹುಲ್ಲು, ಹಿಂಡಿ ಕೊಡಬೇಡಿ. ದುಡ್ಡು ಕೊಟ್ಟು ತಂದದ್ದೆಂದು ಒಣಗಿಸಿ ಕೊಡುವವರಿದ್ದಾರೆ. ಬೂಸ್ಟಿನ ವಿಷ ಒಣಗಿಸಿದರೆ ಹೋಗುವುದಿಲ್ಲ.

ಸತ್ತ ಮೇಲಿನ ಲೆಕ್ಕ

ಪ್ರಕೃತಿ ವಿಕೋಪದಲ್ಲಿ ಜಾನುವಾರು ಸತ್ತರೆ ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ಹಣ ಬರುತ್ತದೆ. ದರವನ್ನು ಕೇಂದ್ರ ಗೃಹ ಇಲಾಖೆ ಗೊತ್ತು ಮಾಡುತ್ತದೆ. 2022ರಿಂದ 2026ರವರೆಗಿನ ಅವಧಿಗೆ ಗೊತ್ತು ಮಾಡಿದ ದರದಲ್ಲಿ ಹಾಲು ಕೊಡುವ ದನ ಅಥವಾ ಎಮ್ಮೆಗೆ 37,500 ರೂಪಾಯಿ, ಉಳುವ ಎತ್ತಿಗೆ 32,000, ಕರುವಿಗೆ 20,000. ಆಡು, ಕುರಿ, ಹಂದಿಗೆ 4,000. ಅದಕ್ಕೆ ಮೊದಲಿನ ಅವಧಿಯಲ್ಲಿ ಹಾಲಿನ ದನಕ್ಕೆ 30,000 ಇತ್ತು. ಒಂದು ಮನೆಗೆ ದೊಡ್ಡ ಹಾಲಿನ ಪ್ರಾಣಿ ಮೂರರವರೆಗೆ ಮಾತ್ರ. ನಾಲ್ಕನೆಯದು ಸತ್ತರೆ ಲೆಕ್ಕಕ್ಕಿಲ್ಲ.

ಅದೇ ಪಟ್ಟಿಯಲ್ಲಿ ಕೋಳಿಗೆ ತಲಾ 100 ರೂಪಾಯಿ, ಆದರೆ ಒಂದು ಮನೆಗೆ ಒಟ್ಟು 10,000 ದಾಟುವಂತಿಲ್ಲ. ಅಂದರೆ ನೂರು ಕೋಳಿ. ಐದು ಸಾವಿರ ಕೋಳಿಯ ಶೆಡ್ಡು ಇಟ್ಟವನಿಗೆ ಇದರಿಂದ ಸತ್ತ ಕೋಳಿ ಹೂಳುವ ಖರ್ಚೂ ಗಿಟ್ಟುವುದು ಕಷ್ಟ. ಕಂಪನಿಯ ಮರಿ ತಂದು ಗುತ್ತಿಗೆಗೆ ಸಾಕುವವರ ಪಾಡು ಇನ್ನೊಂದು ಥರ. ಕೋಳಿ ಕಂಪನಿಯದು, ಶೆಡ್ಡು ಮತ್ತು ದುಡಿಮೆ ಇವರದು. ಸತ್ತ ಕೋಳಿ ಯಾರದ್ದೆಂಬ ಪ್ರಶ್ನೆಗೆ ಉತ್ತರ ಕೊಡುವುದು ಅವರು ಸಹಿ ಹಾಕಿದ ಕಾಗದ. ಅದನ್ನು ಓದಿ ಸಹಿ ಹಾಕಿದವರು ಎಷ್ಟು ಜನ?

ಹಟ್ಟಿ ಬಿದ್ದರೆ? ಅದೇ ದರಪಟ್ಟಿಯಲ್ಲಿ ಮನೆಗೆ ಹೊಂದಿಕೊಂಡ ದನದ ಕೊಟ್ಟಿಗೆಗೆ 3,000 ರೂಪಾಯಿ ಇದೆ. ಮೂರು ಸಾವಿರಕ್ಕೆ ಶೀಟು ಎಷ್ಟು ಬರುತ್ತದೆ ಎಂದು ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಕೇಳಿ.

ಈಗ ಕಳೆದುಕೊಂಡವರ ಕಡೆಯಿಂದ ಲೆಕ್ಕ ಹಾಕೋಣ. ದಿನಕ್ಕೆ ಹತ್ತು ಲೀಟರ್ ಕೊಡುವ ಒಂದು ದನ. ಲೀಟರಿಗೆ 35 ರೂಪಾಯಿ ಹಿಡಿದರೂ ತಿಂಗಳಿಗೆ ಹತ್ತು ಸಾವಿರದ ಮೇಲೆ. ಹಿಂಡಿಯ ಖರ್ಚು ಕಳೆದು ಉಳಿಯುವುದರಲ್ಲಿ ಮಗಳ ಕಾಲೇಜು ಬಸ್ಸಿನ ಪಾಸು, ಸ್ವಸಹಾಯ ಸಂಘದ ವಾರದ ಕಂತು, ಗ್ಯಾಸು. ಅಷ್ಟು ಹಾಲಿನ ದನ ಇವತ್ತು ಅರುವತ್ತು ಎಪ್ಪತ್ತು ಸಾವಿರಕ್ಕೆ ಕಡಿಮೆ ಸಿಗುವುದು ಕಷ್ಟ. ಪರಿಹಾರ ಕೈಗೆ ಬರುವವರೆಗೆ ಹಾಲಿಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಸಿಡಿಲಿನ ವಿಷಯದಲ್ಲಿ ಇನ್ನೊಂದು ಸಿಕ್ಕು ಇದೆ. ಕೇಂದ್ರದ ವಿಪತ್ತುಗಳ ಪಟ್ಟಿಯಲ್ಲಿ ಹನ್ನೆರಡು ಇದ್ದವು: ನೆರೆ, ಚಂಡಮಾರುತ, ಬರ, ಭೂಕುಸಿತ, ಆಲಿಕಲ್ಲು ಹೀಗೆ. ಅದರಲ್ಲಿ ಸಿಡಿಲು ಇರಲಿಲ್ಲ. ರಾಜ್ಯಗಳು ತಮ್ಮಲ್ಲಿನ ಸ್ಥಳೀಯ ವಿಪತ್ತು ಎಂದು ಗುರುತಿಸಿ, ನಿಧಿಯಲ್ಲಿ ನೂರಕ್ಕೆ ಹತ್ತರವರೆಗೆ ಅದಕ್ಕೆ ಬಳಸಬಹುದಿತ್ತು. ನಮ್ಮಲ್ಲಿ ಸಿಡಿಲಿಗೆ ಸತ್ತ ದನಕ್ಕೆ ಪರಿಹಾರ ಸಿಗುತ್ತಿದ್ದುದು ಹೀಗೆ. ತುಂಡಾಗಿ ಬಿದ್ದ ಕರೆಂಟಿನ ವಯರು ತುಳಿದು ಸತ್ತರೆ ದಾರಿಯೇ ಬೇರೆ. ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನು ಮಾಡಿ ದೂರು ದಾಖಲಿಸಬೇಕು. ವಿದ್ಯುತ್ ಕಾಯ್ದೆಯ 161ನೇ ಕಲಂ ಪ್ರಕಾರ ಪ್ರಾಣಿ ಸತ್ತರೂ ಅದು ಅಪಘಾತವೇ, ವಿದ್ಯುತ್ ಪರಿವೀಕ್ಷಕರ ತನಿಖೆಗೆ ಬರುತ್ತದೆ. ಲೈನ್‌ಮ್ಯಾನ್ ಬಂದು ವಯರು ಸರಿಮಾಡಿ ಹೋದರೆ ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಫೋಟೋ ತೆಗೆಯದೆ ವಯರು ಕದಲಿಸಲು ಬಿಡಬೇಡಿ. ನೀವಂತೂ ಹತ್ತಿರ ಹೋಗಲೇಬೇಡಿ.

ಕಾಗದದ ವಿಷಯದಲ್ಲಿ ಜನ ಸೋಲುವುದು ಒಂದೇ ಕಡೆ. ದನ ಸತ್ತ ದುಃಖದಲ್ಲಿ, ಮಳೆಯಲ್ಲಿ ಕೊಳೆಯುತ್ತದೆಂಬ ಅವಸರದಲ್ಲಿ, ಡಾಕ್ಟರು ಬರುವ ಮೊದಲೇ ಹೂತುಬಿಡುತ್ತಾರೆ. ಆಮೇಲೆ ಮರಣೋತ್ತರ ಪರೀಕ್ಷೆ ಇಲ್ಲ, ಮಹಜರು ಇಲ್ಲ, ಪರಿಹಾರವೂ ಇಲ್ಲ. ಕಾರ್ಕಳದ ನಮ್ಮ ಸಂಬಂಧಿಕರು ಹೂಳದೆ ಕಾದರು, ಟಾರ್ಪಾಲು ಹೊದೆಸಿ ರಾತ್ರಿಯಿಡೀ ನಾಯಿ ಬರದ ಹಾಗೆ ನೋಡಿಕೊಂಡರು. ಆದರೂ ಅವರು ಕಚೇರಿಗೆ ನಾಲ್ಕು ಸಲ ಹೋಗಬೇಕಾಯಿತು. ಒಮ್ಮೆ ಫೋಟೋದಲ್ಲಿ ಕಿವಿಯೋಲೆಯ, ಅಂದರೆ ದನದ ಕಿವಿಗೆ ಹಾಕುವ ಗುರುತಿನ ಬಿಲ್ಲೆಯ, ನಂಬರು ಕಾಣುವುದಿಲ್ಲ ಎಂದರು. ಇನ್ನೊಮ್ಮೆ ಪಾಸ್‌ಬುಕ್ಕಿನ ಹೆಸರಿನಲ್ಲಿ ಒಂದು ಅಕ್ಷರ ವ್ಯತ್ಯಾಸ. ಹಾಗಾಗಿ ನನ್ನ ಮಾತು ಕೇಳಿ: ಮೊದಲು ಗ್ರಾಮ ಆಡಳಿತ ಅಧಿಕಾರಿಗೂ ಪಶು ಆಸ್ಪತ್ರೆಗೂ ಫೋನು. ಕಿವಿಯೋಲೆಯ 12 ಅಂಕಿ ಸ್ಪಷ್ಟ ಕಾಣುವ ಫೋಟೋ, ಬಿದ್ದ ಜಾಗ ಕಾಣುವ ಇನ್ನೊಂದು ಫೋಟೋ. ಪರೀಕ್ಷೆ ಆದ ಮೇಲೆ ಬಾವಿಯಿಂದ ದೂರ, ಆರಡಿ ಆಳದ ಗುಂಡಿ, ಮೇಲೆ ಸುಣ್ಣ.

ವಿಮೆ ಇದ್ದರೆ ಈ ಸಂಕಟ ಅರ್ಧ ಕಡಿಮೆ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 2024ರಿಂದ ರೈತನ ಪಾಲು ಪ್ರೀಮಿಯಂನ ನೂರಕ್ಕೆ 15 ಮಾತ್ರ. ಉಳಿದದ್ದನ್ನು ಕೇಂದ್ರ, ರಾಜ್ಯ ಹಂಚಿಕೊಳ್ಳುತ್ತವೆ. ಒಂದು ಮನೆಗೆ ಹತ್ತು ದನಗಳವರೆಗೆ ಸಿಗುತ್ತದೆ. 60,000ದ ದನಕ್ಕೆ ನೂರಕ್ಕೆ ನಾಲ್ಕರಂತೆ ಪ್ರೀಮಿಯಂ ಹಿಡಿದರೆ 2,400 ಆಯಿತು. ರೈತನ ಕೈಯಿಂದ ಹೋಗುವುದು 360 ರೂಪಾಯಿ. ಒಂದು ಚೀಲ ಹಿಂಡಿಯ ಬೆಲೆಗಿಂತ ಕಡಿಮೆ. ಆದರೂ ಎಷ್ಟೋ ಮನೆಯಲ್ಲಿ ಇಲ್ಲ. ಕಿವಿಯೋಲೆ ಇಲ್ಲದ ದನಕ್ಕೆ ವಿಮೆ ಇಲ್ಲ. ಕಿವಿಯೋಲೆ ಹಾಕಿದರೆ ಕಿವಿ ಹರಿಯುತ್ತದೆಂದು ಹಿಂಜರಿಯುವವರು ಜಾಸ್ತಿ. ಆ ಹಿಂಜರಿಕೆಯನ್ನು ಹತ್ತಿರ ಕೂತು ಮಾತಾಡಿ ಬಿಡಿಸುವವರು ಬೇಕು.

ಡೈರಿಯ ಬೋರ್ಡು

ಆ ಹತ್ತಿರದವರು ಯಾರು ಎಂದು ಯೋಚಿಸಿದಾಗ ನನಗೆ ಕಾಣುವುದು ಊರಿನ ಹಾಲಿನ ಸೊಸೈಟಿ. ಕುಲಶೇಖರದಲ್ಲಿ ಕೇಂದ್ರ ಕಚೇರಿ ಇರುವ ದಕ್ಷಿಣ ಕನ್ನಡ ಹಾಲು ಒಕ್ಕೂಟ ಎರಡೂ ಜಿಲ್ಲೆಗೆ ಸೇರಿದ್ದು. ಅದರ ಕೆಳಗೆ ಊರೂರಲ್ಲಿ ಸೊಸೈಟಿ. ದನ ಇರುವ ಹೆಚ್ಚಿನ ಮನೆಯಿಂದ ದಿನಕ್ಕೆ ಎರಡು ಸಲ ಯಾರಾದರೊಬ್ಬರು ಕ್ಯಾನು ಹಿಡಿದು ಅಲ್ಲಿಗೆ ಬರುತ್ತಾರೆ. ಇಷ್ಟು ಒಳ್ಳೆಯ ಸುದ್ದಿ ಕಟ್ಟೆ ಬೇರೆ ಯಾವುದಿದೆ?

ಹವಾಮಾನ ಇಲಾಖೆಯ ಬಣ್ಣಗಳಿಗೆ ಅರ್ಥ ಇದೆ. ಒಂದು ದಿನದಲ್ಲಿ 204.4 ಮಿ.ಮೀ.ಗಿಂತ ಜಾಸ್ತಿ ಮಳೆಯ ಮುನ್ಸೂಚನೆ ಇದ್ದರೆ ರೆಡ್. 115.6ರಿಂದ ಅಲ್ಲಿಯವರೆಗೆ ಆರೆಂಜ್. ಶಾಲೆಗೆ ಈ ಬಣ್ಣ ಏನು ಮಾಡಬೇಕೆಂದು ಹೇಳುತ್ತದೆ. ಹಟ್ಟಿಗೂ ಹೇಳಬಹುದಲ್ಲ? ಸಂಜೆ ಹಾಲಿನ ಹೊತ್ತಿಗೆ ಸೊಸೈಟಿಯ ಬೋರ್ಡಿನಲ್ಲಿ ಸೀಮೆಸುಣ್ಣದಲ್ಲಿ ನಾಲ್ಕು ಸಾಲು ಬರೆದರೆ ಸಾಕು. ನಾಳೆ ರೆಡ್. ಧರೆ ಬುಡದ ದನ ಮುಂದೆ ತನ್ನಿ. ತೋಡಿನ ಬದಿಯ ಹಟ್ಟಿಯಲ್ಲಿ ಚೈನು ಬೇಡ. ಎರಡು ದಿನದ ಒಣಹುಲ್ಲು ಎತ್ತರದಲ್ಲಿಡಿ. ಜಿಲ್ಲಾಡಳಿತ ರಜೆಯ ಆದೇಶದ ಜೊತೆಗೇ ಈ ಸಂದೇಶವನ್ನೂ ಕಳಿಸಬಹುದು. ದೊಡ್ಡ ಖರ್ಚು ಇಲ್ಲ.

ಹಣದ ವಿಷಯದಲ್ಲೂ ಒಂದು ಮಾತು. ಉದ್ಯೋಗ ಖಾತ್ರಿ ಯೋಜನೆಯಾದ ನರೇಗಾದಲ್ಲಿ ದನದ ಕೊಟ್ಟಿಗೆಗೆ 57,000 ರೂಪಾಯಿವರೆಗೆ ಕೊಡುತ್ತ ಬಂದಿದ್ದಾರೆ. ನೆಲ, ಮೇವಿನ ತೊಟ್ಟಿ, ಗಂಜಲದ ಚರಂಡಿ ಎಲ್ಲದರ ಅಳತೆ ನೋಡುತ್ತಾರೆ. ಹಿಂದಿನ ಧರೆಯಿಂದ ಎಷ್ಟು ದೂರ, ನೆರೆ ನೀರು ಎಲ್ಲಿಯವರೆಗೆ ಬರುತ್ತದೆ, ಮೇಲೆ ಯಾವ ಮರ ಇದೆ, ಕಬ್ಬಿಣಕ್ಕೆ ಅರ್ತಿಂಗ್ ಉಂಟಾ ಎಂದು ಕೇಳಿದ್ದು ನನಗೆ ಗೊತ್ತಿರುವ ಯಾವ ಮನೆಯಲ್ಲೂ ಇಲ್ಲ. ಎಂಜಿನಿಯರ್ ಜಾಗಕ್ಕೆ ಬಂದೇ ಬರುತ್ತಾರೆ. ಬಂದಾಗ ಈ ನಾಲ್ಕು ಪ್ರಶ್ನೆ ಕೇಳಿ ಬರೆದುಕೊಂಡರೆ, ಯೋಜನೆ ಯಾವುದೇ ಇರಲಿ, ಅದೇ ದುಡ್ಡಿನಲ್ಲಿ ಗಟ್ಟಿ ಹಟ್ಟಿ ಆಗುತ್ತದೆ.

ಮೊದಲು ಪತ್ತನಾಜೆಯೊಳಗೆ, ಅಂದರೆ ಮೇ 24ರ ಸುಮಾರಿಗೆ, ಸೌದೆ ಒಳಗೆ ಹಾಕಿ, ಹಟ್ಟಿಗೆ ಹೊದಿಕೆ ಮಾಡಿ, ತೋಡಿನ ಕಸ ತೆಗೆದು ಮುಗಿಸುತ್ತಿದ್ದರು. ಈ ವರ್ಷ ನಾವೂ ಅಷ್ಟರೊಳಗೆ ನಮ್ಮ ಹಟ್ಟಿಯನ್ನು ಧರೆಯಿಂದ ಹನ್ನೆರಡು ಅಡಿ ಮುಂದಕ್ಕೆ ತಂದೆವು. ಅಮ್ಮನ ತುಳಸಿಕಟ್ಟೆಗೆ ಸ್ವಲ್ಪ ಹತ್ತಿರವಾಯಿತು, ಅವರು ಒಪ್ಪಿದರು. ಚೈನು ತೆಗೆದು ಬಳ್ಳಿ ಹಾಕಿದ್ದೇವೆ. ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಕತ್ತಿ ನೇತಾಡುತ್ತಿದೆ. ಅದನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟುವಂತಿಲ್ಲ. ಹಳೆಯ ಹಟ್ಟಿಯ ಜಾಗದಲ್ಲಿ ಈಗ ಗೊಬ್ಬರದ ರಾಶಿ ಇದೆ. ಜುಲೈ ಎರಡನೇ ವಾರ ಧರೆಯಿಂದ ಒಂದು ಗಾಡಿಯಷ್ಟು ಮಣ್ಣು ಅದರ ಮೇಲೆ ಬಿತ್ತು.